ಪದವು ಬೋಳು ಅಂತ ಯಾರು ಹೇಳಿದ್ದು?

ಜೂನ್ 5 ಬಂತೆಂದರೆ ನಮ್ಮ ಕಾಸರಗೋಡಿನ ಮೇಷ್ಟ್ರುಗಳಿಗೆ ಗಡಿಬಿಡಿ. ಮಕ್ಕಳ ಕೈಗೆ ಒಂದೊಂದು ಅಕೇಶಿಯ ಗಿಡ ಕೊಟ್ಟು ಪದವು ಹತ್ತಿಸುವುದು, ಮುರಕಲ್ಲಿನಲ್ಲಿ ಗುಂಡಿ ತೋಡಿಸುವುದು, ಫೋಟೋ ತೆಗೆಯುವುದು. ಕೇಳಿದರೆ, "ಪದವು ಬೋಳು ಅಲ್ವಾ, ಹವಾಮಾನ ಕೆಟ್ಟಿದೆ, ಹಸುರು ಮಾಡ್ಬೇಕು" ಎನ್ನುತ್ತಾರೆ.

ಬೋಳು ಎಂದವರು ಅದನ್ನು ಮೇ ತಿಂಗಳಲ್ಲಿ ಮಾತ್ರ ನೋಡಿದವರು. ಆಟಿ ಕಳೆದು ಸೋಣದಲ್ಲಿ ಒಮ್ಮೆ ಹತ್ತಿ ನೋಡಿ ಮಾರಾಯ್ರೆ. ಕಲ್ಲಿನ ಹೊಂಡಹೊಂಡದಲ್ಲಿ ನೀರು, ನೀರಲ್ಲಿ ಕಪ್ಪೆಮರಿ, ನೆಲವೆಲ್ಲ ಪುಟ್ಟ ನೀಲಿ ಹೂ. ಆ ಗಿಡ ಒದ್ದೆ ಮಣ್ಣಿನೊಳಗೆ ಸಣ್ಣ ಚೀಲವಿಟ್ಟು ಹುಳ ಹಿಡಿದು ತಿನ್ನುತ್ತದೆ. ನೀವು ಪುಸ್ತಕದಲ್ಲಿ ತೋರಿಸುವ ಕೀಟಾಹಾರಿ ಸಸ್ಯ ಶಾಲೆಯ ಹಿಂದೆಯೇ ಇದೆ! ಟಿಟ್ಟಿಭ ಮೊಟ್ಟೆ ಇಡುವುದೂ ಬಯಲು ನೆಲದಲ್ಲೇ. ಅಕೇಶಿಯ ಎದ್ದಲ್ಲಿ ನೆರಳಿಗೆ ಮುಳಿಹುಲ್ಲು ಸಾಯುತ್ತದೆ, ತರಗೆಲೆ ಬಿದ್ದು ಹೊಂಡ ತುಂಬುತ್ತದೆ.

ಹವಾಮಾನ ಕೆಟ್ಟದ್ದು ಸುಳ್ಳಲ್ಲ. ಒಣಸೀಮೆಯ ನವಿಲು ಈಗ ನಮ್ಮ ಅಂಗಳಕ್ಕೇ ಬಂದಿದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೂ ಮಾರ್ಚಿಗೆ ಸುರಂಗದ ನೀರು ನೂಲಿನಷ್ಟು. ಆ ನೀರು ಇಳಿಯುವುದು ಇದೇ ಮುರಕಲ್ಲಿನ ಮೂಲಕ. ಕಾಡುಪ್ರಾಣಿಗೂ ನಮಗೂ ಬೇಸಗೆ ದಾಟಲೆಂದು ಹಿರಿಯರು ಮದಕ ಕಟ್ಟಿದ್ದರು. ಎಷ್ಟೋ ಮದಕಗಳಲ್ಲಿ ಈಗ ಹೂಳು. ಅದನ್ನೆತ್ತಲು ಮೆರವಣಿಗೆ ಹೊರಟದ್ದು ನಾನಂತೂ ಕಂಡಿಲ್ಲ.

ಗಿಡವೇ ಬೇಡ ಎಂದಲ್ಲ. ತೋಡಿನ ದಂಡೆ ಖಾಲಿ ಇದೆ, ನಾಗಬನದ ಅಂಚು ಕರಗಿದೆ. ಅಲ್ಲಿ ನೇರಳೆ ಹಾಕಿ, ಹಲಸು ಹಾಕಿ. ಪದವಿಗೆ ಮಕ್ಕಳನ್ನು ಸೋಣದಲ್ಲಿ ಕರಕೊಂಡು ಹೋಗಿ. ಪಿಕ್ಕಾಸು ಶಾಲೆಯಲ್ಲೇ ಇರಲಿ.