ಮಾಳಿಗೆಯ ನಾಟ್ಯಶಾಲೆಯೂ ತೀರದ ಋಣವೂ

ಲಂಡನ್ ನಗರದಲ್ಲಿ ಪಬ್ ಎಂದು ಕರೆಯಲ್ಪಡುವ ಪಾನಗೃಹಗಳ ಮಾಳಿಗೆಯ ಮೇಲೂ ಹಿಂಗೋಣೆಗಳಲ್ಲಿಯೂ ನಡೆಯುವ ಚಿಕ್ಕ ನಾಟ್ಯಶಾಲೆಗಳ ವಿಚಾರವಾಗಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಕುಡಿಯುವವರ ತಲೆಯ ಮೇಲೆ ಐವತ್ತು ಕುರ್ಚಿಗಳನ್ನು ಹಾಕಿ ಆಡುವುದು ನಾಟಕವೇ ಅಲ್ಲವೆಂದು ಕೆಲವರು ಹಳಿಯುವರು. ಕಲೆಯು ಬಡತನದಲ್ಲಿಯೇ ಬೆಳೆಯತಕ್ಕದ್ದು, ಅಲ್ಲಿನ ತರುಣರು ಸಂಬಳವನ್ನು ಬಯಸದೆ ದುಡಿಯುವುದೇ ಆ ಶಾಲೆಗಳಿಗೆ ಭೂಷಣವೆಂದು ಮತ್ತೆ ಕೆಲವರು ಹೊಗಳುವರು. ಮೊದಲಿನವರ ಮಾತು ಅಜ್ಞಾನದಿಂದ ಹುಟ್ಟಿದುದು. ಎರಡನೆಯವರ ಮಾತು ಅನ್ಯಾಯವನ್ನು ಮುಚ್ಚುವಂಥದು. ಈ ಎರಡರಲ್ಲಿ ಹಳಿವಿಗಿಂತ ಹೊಗಳಿಕೆಯೇ ಹೆಚ್ಚು ಕೇಡಿನದು.

ಪಾನಗೃಹವು ಅಶುಚಿಯಾದ ಸ್ಥಳ, ಅಲ್ಲಿ ಸರಸ್ವತಿಗೇನು ಕೆಲಸವೆಂಬುದು ಮೊದಲನೆಯ ಪೂರ್ವಪಕ್ಷವು. ಹೀಗೆನ್ನುವವರು ಇಂಗ್ಲೆಂಡಿನ ಚರಿತ್ರೆಯನ್ನು ಮರೆತವರು. 1576ರಲ್ಲಿ ಜೇಮ್ಸ್ ಬರ್ಬೇಜನು ನಾಟಕಕ್ಕಾಗಿಯೇ 'ಥಿಯೇಟರ್' ಎಂಬ ಮಂದಿರವನ್ನು ಕಟ್ಟಿಸಿದ ಕಾಲದಲ್ಲಿಯೂ ಲಂಡನ್ನಿನ ಬುಲ್, ಬೆಲ್, ಕ್ರಾಸ್ ಕೀಸ್, ಬೆಲ್ ಸ್ಯಾವೇಜ್ ಎಂಬ ವಸತಿಗೃಹಗಳಲ್ಲಿ ನಟರು ಆಡುತ್ತಿದ್ದರು. ಪ್ರವಾಸಿಗಳಿಗೆ ಅನ್ನವನ್ನೂ ಮದ್ಯವನ್ನೂ ಮಾರುತ್ತಿದ್ದ ಆ ಮನೆಗಳೇ ಆಂಗ್ಲ ರಂಗಭೂಮಿಯ ತೊಟ್ಟಿಲುಗಳಲ್ಲಿ ಒಂದಾದುವು. ಮದ್ಯವು ನಿಂದ್ಯವೇ ಸರಿ. ಆದರೆ ಕೆಳಗಿನ ಮನೆಯ ದೋಷವನ್ನು ಮೇಲಿನ ಮನೆಗೆ ಅಂಟಿಸುವುದು ನ್ಯಾಯವಲ್ಲ. ಕಮಲವನ್ನು ಕೊಯ್ಯಬಂದವನು ಕೆಸರಿನ ಕುಲವನ್ನು ವಿಚಾರಿಸುವುದಿಲ್ಲ.

ಈ ಸಂಬಂಧವು ನಡುವೆ ಕಡಿದುಹೋದುದಕ್ಕೂ ಮತ್ತೆ ಕೂಡಿಕೊಂಡುದಕ್ಕೂ ಕಾರಣಗಳಿವೆ. 1737ರ ಕಾಯಿದೆಯಿಂದ ಮೊದಲ್ಗೊಂಡು ಇನ್ನೂರು ವರ್ಷಗಳಿಗಿಂತಲೂ ಹೆಚ್ಚು ಕಾಲ, ಅರಮನೆಯ ಅಧಿಕಾರಿಯಾದ ಲಾರ್ಡ್ ಚೇಂಬರ್ಲೇನನ ಅನುಮತಿಯಿಲ್ಲದೆ ಯಾವ ಹೊಸ ನಾಟಕವೂ ಸಾರ್ವಜನಿಕವಾಗಿ ರಂಗವೇರುವಂತಿರಲಿಲ್ಲ. 1968ರಲ್ಲಿ ಆ ಕಟ್ಟು ಕಳಚಿತು. ಎರಡೇ ವರ್ಷಗಳಲ್ಲಿ, ಅಂದರೆ 1970ರಲ್ಲಿ, ಡ್ಯಾನ್ ಕ್ರಾಫರ್ಡನು ಇಸ್ಲಿಂಗ್ಟನ್ನಿನ ಕಿಂಗ್ಸ್ ಹೆಡ್ ಪಬ್ಬಿನ ಹಿಂಗೋಣೆಯಲ್ಲಿ ನಾಟ್ಯಶಾಲೆಯನ್ನು ತೆರೆದನು. 1972ರಲ್ಲಿ ಷೆಫರ್ಡ್ಸ್ ಬುಷ್‌ನಲ್ಲಿ ಬುಷ್ ಶಾಲೆಯೂ, 1979ರಲ್ಲಿ ಓಲ್ಡ್ ರೆಡ್ ಲಯನ್ ಶಾಲೆಯೂ, 1980ರಲ್ಲಿ ಅರ್ಲ್ಸ್ ಕೋರ್ಟಿನ ಫಿನ್‌ಬರೋ ಶಾಲೆಯೂ ಹುಟ್ಟಿದುವು. ರಾಜಾಜ್ಞೆಯ ಭಯ ಹೋದಮೇಲೆ ಹೊಸ ಕವಿಗೆ ಬೇಕಾಗಿದ್ದುದು ಕಡಿಮೆ ಬಾಡಿಗೆಯ ಒಂದು ಕೋಣೆ ಮಾತ್ರ. ಅದನ್ನು ಪಾನಗೃಹವು ಕೊಟ್ಟಿತು, ವಿದ್ವತ್ಸಭೆಗಳು ಕೊಡಲಿಲ್ಲ.

ಶಾಲೆಯು ಅತಿ ಚಿಕ್ಕದೆಂಬುದು ಎರಡನೆಯ ಪೂರ್ವಪಕ್ಷವು. ಇದಕ್ಕೆ ಭರತಮುನಿಯೇ ಸಮಾಧಾನವನ್ನು ಹೇಳಿರುವನು. ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ 108, 64, 32 ಹಸ್ತಗಳ ಮೂರು ಪ್ರಮಾಣಗಳನ್ನು ಹೇಳಿ, ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ಮಂಟಪವೇ ತಕ್ಕುದೆಂದು ಅವನು ವಿಧಿಸಿದ್ದಾನೆ. ಅದಕ್ಕಿಂತ ಹಿರಿದಾದರೆ ಪಾಠ್ಯದ ಸ್ವರವು ಕೆಡುವುದು, ಮುಖದ ಭಾವವು ಅವ್ಯಕ್ತವಾಗುವುದು ಎಂಬುದೇ ಅಲ್ಲಿ ಕೊಟ್ಟಿರುವ ಕಾರಣವು. ಮಾಳಿಗೆಯ ಕೋಣೆಯು ಆ ಅಳತೆಗೂ ಸಾಲದೆಂಬುದು ನಿಜ. ಆದರೆ ಶಾಸ್ತ್ರದಲ್ಲಿ ಅಳತೆಗಿಂತ ಅದರ ಹೇತುವು ಮುಖ್ಯವಾದುದು. ಸುಮಾರು 50 ಆಸನಗಳ ಫಿನ್‌ಬರೋ ಶಾಲೆಯಲ್ಲಿ ಕಡೆಯ ಸಾಲಿನವನಿಗೂ ನಟನ ರೆಪ್ಪೆಯ ಅದುರು ಕಾಣುತ್ತದೆ. ಸುಳ್ಳು ಅಭಿನಯವು ಅಲ್ಲಿ ಒಂದು ಗಳಿಗೆಯೂ ನಿಲ್ಲಲಾರದು. ಹೊಸಬನನ್ನು ಪರೀಕ್ಷಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಯಾವುದು?

ಒರೆಗೆ ಹತ್ತಿದ ಚಿನ್ನವೂ ಕಡಿಮೆಯಲ್ಲ. ಇಂದು ಇಂಗ್ಲೆಂಡಿನ ಪ್ರಖ್ಯಾತ ನಾಟಕಕಾರರಲ್ಲಿ ಒಬ್ಬನಾದ ಜೇಮ್ಸ್ ಗ್ರಹಾಮನ 'ಆಲ್ಬರ್ಟ್ಸ್ ಬಾಯ್' ಎಂಬ ನಾಟಕವು 2005ರಲ್ಲಿ ಫಿನ್‌ಬರೋ ಮಾಳಿಗೆಯಲ್ಲಿ ಆಡಲ್ಪಟ್ಟಿತು. 2012ರಲ್ಲಿ ಅವನ 'ದಿಸ್ ಹೌಸ್' ಸರ್ಕಾರದ ನೆರವಿನಿಂದ ನಡೆಯುವ ನ್ಯಾಷನಲ್ ಥಿಯೇಟರಿನ ರಂಗವನ್ನೇರಿತು. ಬ್ಯಾಟರ್ಸೀಯ ಲ್ಯಾಚ್ಮಿಯರ್ ಪಬ್ಬಿನ ಮೇಲಿರುವ ಥಿಯೇಟರ್ 503ರಲ್ಲಿ 2009ರಲ್ಲಿ ಕಟೋರಿ ಹಾಲ್ ಎಂಬ ಅಮೆರಿಕದ ಯುವತಿಯ 'ದಿ ಮೌಂಟನ್‌ಟಾಪ್' ಮೊದಲ ಬಾರಿಗೆ ಪ್ರಯೋಗವಾಯಿತು. ಮಾರ್ಟಿನ್ ಲೂಥರ್ ಕಿಂಗನು ಕೊಲೆಯಾಗುವ ಮುನ್ನಿನ ರಾತ್ರಿಯು ಅದರ ವಸ್ತು. ಅದು ಮರುವರ್ಷವೇ ಅತ್ಯುತ್ತಮ ಹೊಸ ನಾಟಕವೆಂದು ಒಲಿವಿಯೆ ಪ್ರಶಸ್ತಿಯನ್ನು ಪಡೆದು, 2011ರಲ್ಲಿ ನ್ಯೂಯಾರ್ಕಿನ ಬ್ರಾಡ್ವೇಗೆ ಹೋಯಿತು. ಮಾಳಿಗೆಯಲ್ಲಿ ಆಡಿದ ನಾಟಕಗಳಲ್ಲಿ ಬಹುಪಾಲು ಮರೆಯಾಗುವುದುಂಟು. ಬಿತ್ತಿದ ಕಾಳೆಲ್ಲ ಮೊಳೆಯುವುದಿಲ್ಲ. ಕಾಳಿದಾಸನೂ ಮಾಳವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ, ಭಾಸಾದಿಗಳಿರಲು ಈಗಿನವನ ಕೃತಿಯೇಕೆಂಬ ಪ್ರಶ್ನೆಗೆ ಉತ್ತರ ಕೊಡಬೇಕಾಯಿತಷ್ಟೆ. ಅವನಿಗೆ ಆ ದಿನ ರಂಗವು ದೊರೆಯದೆ ಹೋಗಿದ್ದರೆ ಲೋಕಕ್ಕೆ ಶಾಕುಂತಲವು ದೊರೆಯುತ್ತಿತ್ತೆ?

ಹಳಿಯುವವರ ಮಾತು ಇಲ್ಲಿಗೆ ಮುಗಿಯಿತು. ಇನ್ನು ಹೊಗಳುವವರ ಮಾತು.

ಒಂದು ಲೆಕ್ಕವನ್ನು ಮಾಡಿ ನೋಡಬಹುದು. 50 ಆಸನಗಳ ಶಾಲೆಯೊಂದರಲ್ಲಿ ನಾಲ್ಕು ವಾರ, ವಾರಕ್ಕೆ ಆರರಂತೆ 24 ಪ್ರಯೋಗಗಳು ನಡೆದು ಎಲ್ಲವೂ ತುಂಬಿದರೆ ನೋಡಿದವರು 1,200 ಮಂದಿ. ನ್ಯಾಷನಲ್ ಥಿಯೇಟರಿನ ಒಲಿವಿಯೆ ಮಂದಿರದಲ್ಲಿ ಒಂದೇ ರಾತ್ರಿಗೆ ಹೆಚ್ಚುಕಡಿಮೆ ಅಷ್ಟೇ ಜನ ಕೂಡುವರು. ಚೀಟಿಗೆ 20 ಪೌನುಗಳೆಂದೂ ಆಸನಗಳಲ್ಲಿ ಅರ್ಧ ತುಂಬಿದುವೆಂದೂ ಎಣಿಸಿದರೆ ಒಟ್ಟು ಹುಟ್ಟುವಳಿಯು 12,000 ಪೌನು. ಐವರು ನಟರು ನಾಲ್ಕು ವಾರ ಅಭ್ಯಾಸ ಮಾಡಿ ನಾಲ್ಕು ವಾರ ಆಡಿದರೆ, ಬಾಡಿಗೆಗೂ ದೀಪಕ್ಕೂ ಒಂದು ಕಾಸನ್ನೂ ತೆಗೆಯದೆ ಎಲ್ಲವನ್ನೂ ಅವರಿಗೇ ಹಂಚಿದಾಗ್ಯೂ, ತಲೆಗೆ ವಾರಕ್ಕೆ 300 ಪೌನು ಬರುತ್ತದೆ. ವಾರಕ್ಕೆ 40 ಗಂಟೆಯ ದುಡಿಮೆಯಾದರೆ ಗಂಟೆಗೆ ಏಳೂವರೆ ಪೌನು. ಆ ದೇಶದಲ್ಲಿ 2025ರ ಏಪ್ರಿಲಿನಲ್ಲಿ 21 ವರ್ಷ ತುಂಬಿದ ಕೆಲಸಗಾರನಿಗೆ ಕಾಯಿದೆಯು ಗೊತ್ತುಮಾಡಿದ ಕನಿಷ್ಠ ವೇತನವು ಗಂಟೆಗೆ 12.21 ಪೌನು. ವೆಚ್ಚಗಳನ್ನು ಕಳೆದಮೇಲೆ ಆ ಏಳೂವರೆಯೂ ಉಳಿಯುವುದಿಲ್ಲ.

ಈ ಕೊರತೆಯನ್ನು ಮುಚ್ಚುವುದಕ್ಕಾಗಿ 'ಲಾಭದಲ್ಲಿ ಪಾಲು' ಎಂಬ ಏರ್ಪಾಡು ಬಳಕೆಗೆ ಬಂದಿದೆ. ಲಾಭವೇ ಇಲ್ಲದೆಡೆಯಲ್ಲಿ ಪಾಲೆಂಬುದು ಬಂಜೆಯ ಮಗನಿಗೆ ಹೆಸರಿಟ್ಟಂತೆ. ಕೆಳಗೆ ಲೋಟಗಳನ್ನು ತೊಳೆಯುವವನಿಗೆ ಕಾಯಿದೆಯ ರಕ್ಷಣೆಯುಂಟು. ಮೇಲೆ ಎರಡು ಗಂಟೆಗಳ ಕಾಲ ಉಸಿರನ್ನು ಬಸಿದು ಆಡುವವನಿಗೆ ಅನೇಕ ವೇಳೆ ಬಸ್ಸಿನ ಖರ್ಚೂ ಹುಟ್ಟುವುದಿಲ್ಲ. ವೇತನವನ್ನು ಕೊಡುವ ಚಿಕ್ಕ ಶಾಲೆಗಳೂ ಇವೆ, ಅವು ಶ್ಲಾಘ್ಯವಾದುವು. ಆದರೆ ಕೊಡದಿರುವುದನ್ನೇ ತ್ಯಾಗವೆಂದು ಕೊಂಡಾಡುವವರಿಗೆ ಒಂದು ಪ್ರಶ್ನೆ: ಮನೆಯಲ್ಲಿ ಹಣವಿಲ್ಲದವನು ಎಂಟು ವಾರ ಕೂಲಿಯಿಲ್ಲದೆ ಹೇಗೆ ಬದುಕಬೇಕು? ಅವನು ಬದುಕಲಾರನು, ಆದುದರಿಂದ ಬರಲಾರನು. ಹೊಸಬರಿಗಾಗಿ ತೆರೆದ ಬಾಗಿಲು ಹಣವಂತರ ಮಕ್ಕಳಿಗೆ ಮಾತ್ರ ತೆರೆದಂತಾಗುವುದು. ಪ್ರತಿಭೆಯು ತಂದೆಯ ಗಂಟನ್ನು ನೋಡಿ ಹುಟ್ಟುವುದಿಲ್ಲವಷ್ಟೆ.

ಕಲೆಗೆ ವೇತನವನ್ನು ಎಣಿಸುವುದು ಹೀನವೆಂಬ ಭಾವನೆಗೆ ಪ್ರಾಚೀನರ ಆಧಾರವೂ ಇಲ್ಲ. ಕೌಟಿಲ್ಯನು ಅರ್ಥಶಾಸ್ತ್ರದ ಭೃತ್ಯಭರಣೀಯವೆಂಬ ಪ್ರಕರಣದಲ್ಲಿ ಮಂತ್ರಿ ಪುರೋಹಿತರ ಸಂಬಳಗಳನ್ನು ಗೊತ್ತುಮಾಡಿ, ಅದೇ ಪಟ್ಟಿಯಲ್ಲಿ ಕುಶೀಲವರಿಗೂ 250 ಪಣಗಳನ್ನು ವಿಧಿಸಿದ್ದಾನೆ. ನಟನಿಗೆ ಹೊಟ್ಟೆಯಿದೆಯೆಂಬುದನ್ನು ರಾಜನೀತಿಜ್ಞನು ಮರೆಯಲಿಲ್ಲ.

ವೇತನವನ್ನು ಕಡ್ಡಾಯಮಾಡಿದರೆ ಶಾಲೆಗಳೇ ಮುಚ್ಚಿಹೋಗುವುವೆಂಬುದು ಕಡೆಯ ಪೂರ್ವಪಕ್ಷವು. ಶಾಲೆಯವರೂ ಬಡವರೇ ಎಂಬುದು ಸತ್ಯವು. ಅವರೊಬ್ಬರ ಮೇಲೆಯೇ ಹೊರೆಯನ್ನು ಹಾಕುವುದು ಸಲ್ಲದು. ಆದರೆ ಮರದ ಬೇರಿಗೆ ನೀರೆರೆಯುವವರು ಬಡವರಾಗಿ, ಹಣ್ಣನ್ನು ಕೊಯ್ಯುವವರು ಬೇರೆಯಾಗಿರುವುದೇ ಇಲ್ಲಿಯ ರೋಗವು. ಮಾಳಿಗೆಯಲ್ಲಿ ಪರೀಕ್ಷಿತವಾದ ನಾಟಕವನ್ನೂ ಕವಿಯನ್ನೂ ನಟರನ್ನೂ ದೊಡ್ಡ ಮಂದಿರಗಳು, ಚಲಚ್ಚಿತ್ರಗಳು, ದೂರದರ್ಶನದ ಸಂಸ್ಥೆಗಳು ಸಿದ್ಧವಾದ ಸರಕಿನಂತೆ ಎತ್ತಿಕೊಳ್ಳುವುವು. ಸೋಲಿನ ನಷ್ಟವೆಲ್ಲ ಮಾಳಿಗೆಗೆ, ಗೆಲವಿನ ಲಾಭದಲ್ಲಿ ಸಿಂಹಪಾಲು ಅವರಿಗೆ. ಹಾಗೆ ಎತ್ತಿಕೊಂಡ ಪ್ರತಿಯೊಂದು ನಾಟಕದ ಹುಟ್ಟುವಳಿಯಲ್ಲಿ ನಿಯತವಾದ ಒಂದಂಶವನ್ನು ಅದು ಮೊದಲು ಆಡಲ್ಪಟ್ಟ ಶಾಲೆಗೆ ಸಲ್ಲಿಸತಕ್ಕದ್ದು. ಕಲೆಗೆ ಸಹಾಯಧನವನ್ನು ಹಂಚುವ ಸರ್ಕಾರವು ಆಸನಗಳನ್ನು ಎಣಿಸದೆ, ಆ ಆಸನಗಳ ಮುಂದೆ ತಯಾರಾದವರನ್ನು ಎಣಿಸತಕ್ಕದ್ದು. ಇಷ್ಟರ ಮೇಲೂ ಹಣವು ಸಾಲದಿದ್ದರೆ, ವರ್ಷಕ್ಕೆ ಹನ್ನೆರಡು ನಾಟಕಗಳನ್ನು ಕೂಲಿಯಿಲ್ಲದೆ ಆಡಿಸುವುದಕ್ಕಿಂತ ಆರನ್ನು ಕೂಲಿ ಕೊಟ್ಟು ಆಡಿಸುವುದು ಮೇಲು.

ಬುಷ್ ಶಾಲೆಯು 2011ರಲ್ಲಿ ಪಬ್ಬನ್ನು ಬಿಟ್ಟು ಹಳೆಯ ಪುಸ್ತಕಭಂಡಾರದ ಕಟ್ಟಡಕ್ಕೆ ಹೋಯಿತು. ಕಿಂಗ್ಸ್ ಹೆಡ್ ಶಾಲೆಯು 2024ರಲ್ಲಿ ಹಿಂಗೋಣೆಯನ್ನು ಬಿಟ್ಟು, ಪಬ್ಬಿನ ಹಿಂದೆಯೇ ನೆಲದಡಿಯಲ್ಲಿ ಕಟ್ಟಿದ ಹೊಸ ಮಂದಿರವನ್ನು ಹೊಕ್ಕಿತು. ಚಿಕ್ಕವು ಬೆಳೆಯುವುದು ಸಂತೋಷದ ಸಂಗತಿಯೇ. ಆದರೆ ಅವು ತೆರವು ಮಾಡಿದಂತಹ ಕೋಣೆಗಳಿಗೆ ನಾಳೆ ಇನ್ನೊಬ್ಬ ಹೊಸಬನು ಬರಬೇಕಾಗಿದೆ. ಅವನನ್ನು ಬರಿಯ ಹೊಗಳಿಕೆಯಿಂದ ಎದುರುಗೊಂಡರೆ ಸಾಲದು. ಚಪ್ಪಾಳೆಯಿಂದ ಅಕ್ಕಿ ಬೇಯುವುದಿಲ್ಲ.