ಸಿಪ್ಪೆ ಸಹಿತ ತಿನ್ನುವ ಬಟಾಣಿ: ಬೆಳೆದವರೇ ಮೊದಲು ತಿನ್ನಲಿ

ಬಟಾಣಿ ಎಂದೊಡನೆ ಕಾಯಿ ಬಿಡಿಸಿ ಕಾಳು ತಿನ್ನುವುದು ನಮ್ಮ ರೂಢಿ. ತೂಕದಲ್ಲಿ ಸುಮಾರು ಅರ್ಧದಷ್ಟು ಸಿಪ್ಪೆಯಾಗಿ ದನದ ಮುಂದೆ ಬೀಳುತ್ತದೆ. ಸಿಪ್ಪೆಯ ಒಳಮೈಯಲ್ಲಿ ಕಾಗದದಂತಹ ಗಡಸು ಪೊರೆ ಇರುವುದರಿಂದ ಅದು ನಮಗೆ ತಿನ್ನಲು ಬಾರದು. ಈ ಪೊರೆಯಿಲ್ಲದ ಬಟಾಣಿಗಳೂ ಉಂಟು. ಕಾಳು ಬಲಿಯುವ ಮೊದಲೇ ಚಪ್ಪಟೆ ಕಾಯಿಯಾಗಿ ತಿನ್ನುವ ‘ಸ್ನೋ ಪೀ’ ಒಂದು. ದಪ್ಪ ಸಿಪ್ಪೆಯ, ಕಾಳು ತುಂಬಿದ ‘ಶುಗರ್ ಸ್ನ್ಯಾಪ್’ ಇನ್ನೊಂದು. ಎರಡನೆಯದನ್ನು ಅಮೆರಿಕದ ಕ್ಯಾಲ್ವಿನ್ ಲ್ಯಾಂಬೋರ್ನ್ ಅಭಿವೃದ್ಧಿಪಡಿಸಿದರು. ಅದು 1979ರಲ್ಲಿ ಬಿಡುಗಡೆಯಾಯಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ‘ಅರ್ಕಾ ಸಂಪೂರ್ಣ’ ಎಂಬ ಇಂತಹುದೇ ತಳಿಯನ್ನು ನೀಡಿದೆ.

ಇದನ್ನು ಪಟ್ಟಣದವರಿಗಾಗಿ ಬೆಳೆಯುವ ಪದಾರ್ಥವೆಂದು ತಿಳಿದು, ಮನೆಯಲ್ಲಿ ಒಂದು ಹಿಡಿಯೂ ಬೇಯಿಸದೆ ಮಾರುಕಟ್ಟೆಗೆ ಕಳಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಔಷಧಿಯ ಮಾತು. ಸಾಮಾನ್ಯ ಬಟಾಣಿಯಲ್ಲಿ ಸಿಂಪರಣೆ ಬೀಳುವ ಸಿಪ್ಪೆಯನ್ನು ನಾವು ತಿನ್ನುವುದಿಲ್ಲ. ಇಲ್ಲಿ ಅದೇ ಸಿಪ್ಪೆ ಬಾಯಿಗೆ ಹೋಗುತ್ತದೆ. ಎಷ್ಟೋ ಜನ ಹಸಿಯಾಗಿಯೇ ತಿನ್ನುತ್ತಾರೆ. ಗಿಡದೊಳಗೆ ಸೇರುವ ಅಂತರ್ವ್ಯಾಪಿ ಔಷಧಿಯು ತೊಳೆದರೆ ಹೋಗುವಂತಹುದಲ್ಲ. ಬೂದಿ ರೋಗಕ್ಕಾಗಲಿ, ಕಾಯಿಕೊರಕ ಹುಳುವಿಗಾಗಲಿ ಸಿಂಪಡಿಸಿದಾಗ ಚೀಟಿಯ ಮೇಲೆ ನಮೂದಿಸಿದ ಕಾಯುವ ದಿನಗಳು ಕಳೆಯುವವರೆಗೆ ಕೊಯ್ಲು ಕೂಡದು. ನಮ್ಮ ಮಗುವಿನ ಕೈಗೆ ಹಸಿಯಾಗಿ ಕೊಡಲು ಹಿಂಜರಿಯುವ ಕಾಯಿಯನ್ನು ಬೇರೆಯವರ ಮಗುವಿಗೆ ಮಾರುವುದು ಹೇಗೆ?

ಎರಡನೆಯದು ಹದ. ಸ್ನೋ ಪೀ ಕಾಯಿಯನ್ನು ಒಳಗಿನ ಕಾಳಿನ ಗುರುತು ಆಗತಾನೆ ಕಾಣುವಾಗ ಕೀಳಬೇಕು. ಶುಗರ್ ಸ್ನ್ಯಾಪ್ ದುಂಡಗೆ ತುಂಬಿ, ಹೊಳಪು ಮಾಸದೆ, ಮುರಿದರೆ ಚಟ್ಟನೆ ಮುರಿಯುವಂತಿರಬೇಕು. ಬಲಿತ ಕಾಯಿಯಲ್ಲಿ ಸಿಹಿ ತಗ್ಗಿ ನಾರು ಹೆಚ್ಚುತ್ತದೆ. ಕಿತ್ತ ಮೇಲೂ ಸಕ್ಕರೆಯ ಅಂಶ ಇಳಿಯುತ್ತಾ ಹೋಗುವುದರಿಂದ ಬೆಳಗಿನ ತಂಪಿನಲ್ಲಿ ಕಿತ್ತು ನೆರಳಿನಲ್ಲಿಡಬೇಕು. ಮನೆಯಲ್ಲಿ ತಿಂದವರಿಗೆ ಈ ಹದ ಯಾರೂ ಹೇಳಿಕೊಡಬೇಕಾಗಿಲ್ಲ.

ಸಿದ್ಧಪಡಿಸುವ ಕೆಲಸ ನಮ್ಮ ಗೃಹಿಣಿಯರಿಗೆ ಹೊಸದಲ್ಲ. ಚಪ್ಪರದವರೆ, ಹುರುಳಿಕಾಯಿಗಳ ನಾರು ತೆಗೆಯುವ ಕೈಗೆ ಇದೂ ಸುಲಭ. ಇಡೀ ಕಾಯಿಗಳನ್ನು ಮೊದಲು ತೊಳೆಯಿರಿ. ಆಮೇಲೆ ತೊಟ್ಟಿನ ತುದಿ ಮುರಿದು, ಅಂಚಿನುದ್ದಕ್ಕೂ ನಾರು ಎಳೆಯಿರಿ. ಶುಗರ್ ಸ್ನ್ಯಾಪ್‌ನಲ್ಲಿ ಎರಡೂ ಅಂಚುಗಳನ್ನು ನೋಡಬೇಕು. ಸಾಸಿವೆ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಹಾಕಿ ಜೋರು ಉರಿಯಲ್ಲಿ ಎರಡು ಮೂರು ನಿಮಿಷ ಬಾಡಿಸಿ, ಉಪ್ಪು, ಕಾಯಿತುರಿ ಬೆರೆಸಿದರೆ ಪಲ್ಯ ಸಿದ್ಧ. ಸಣ್ಣಗೆ ಹೆಚ್ಚಿ ಹೆಸರುಬೇಳೆ ಕೋಸಂಬರಿಗೂ ಸೇರಿಸಬಹುದು. ಸಾರಿನಲ್ಲಿ ಕುದಿಸಿದರೆ ಕಾಯಿ ಮೆತ್ತಗಾಗುತ್ತದೆ, ‘ಸಿ’ ಜೀವಸತ್ವವೂ ನಷ್ಟವಾಗುತ್ತದೆ. ಬಿಡಿಸಿದ ಕಾಳಿನಷ್ಟು ಸಸಾರಜನಕ ಇದರಲ್ಲಿಲ್ಲ ಎಂಬುದೂ ನಿಜ. ಆದ್ದರಿಂದ ಇದು ಬೇಳೆಗೆ ಬದಲಿಯಲ್ಲ, ತರಕಾರಿ.

ಮನೆಯವರು ತಿನ್ನದ ಬೆಳೆಗೆ ಕೊಳ್ಳುವವನು ಹೇಳಿದ್ದೇ ಬೆಲೆ, ಅವನು ತಳ್ಳಿದ್ದು ತಿಪ್ಪೆಗೆ. ತಿನ್ನುವುದನ್ನು ಊರೇ ಕಲಿತರೆ ಉಳಿದ ಕಾಯಿಗೆ ಊರಿನ ಸಂತೆಯಲ್ಲೇ ಗಿರಾಕಿ ಸಿಕ್ಕಾನು. ಈ ಬಟಾಣಿ ಬಿತ್ತುವ ರೈತ ಬಾಂಧವರು ಮೊದಲ ಕೊಯ್ಲಿನ ಮೊದಲ ಬುಟ್ಟಿಯನ್ನು ತಮ್ಮ ಅಡುಗೆ ಮನೆಗೇ ಕೊಂಡೊಯ್ಯಲಿ.