ಕೆಳಗಿನ ಅಂಕಣ ನಮ್ಮದು

ತಿಳವಳ್ಳಿಯಿಂದ, ನಾಳೆ ನಮ್ಮ ಜೊತೆ ನಿಲ್ಲಲಿರುವ ಚಿತ್ರಗಾರರಿಗೆ

ಚಿತ್ರಕಲೆ ನಮ್ಮ ಸೀಮೆಯ ಮನುಷ್ಯರ ಕೈ ಬಿಟ್ಟಿತು. ಕ್ಯಾಲೆಂಡರಿಗೆ ದೇವರು ಸಿಕ್ಕ, ಕಚೇರಿಯ ಗೋಡೆಗೆ ಸೂರ್ಯಾಸ್ತ ಸಿಕ್ಕಿತು, ನಗರದ ಗ್ಯಾಲರಿಗೆ ಅರ್ಥ ಕೇಳಬಾರದ ಬಣ್ಣದ ತೇಪೆಗಳು ಸಿಕ್ಕವು. ಹೊಲದಿಂದ ಹೊರಟು ಕಲಾಶಾಲೆ ಸೇರಿದ ನಾವು ಹಸಿರು ಗದ್ದೆ ಬರೆದೆವು, ಗದ್ದೆಯಲ್ಲಿ ಬಾಗಿದ ಬೆನ್ನನ್ನು ಬಿಟ್ಟೆವು. ಆ ಕಾಲ ಮುಗಿಯಿತು.

ಹದಿಮೂರನೆಯ ಶತಮಾನದ ಶಾಂತೇಶ್ವರ ಗುಡಿ ನಮ್ಮೂರಿನ ಹೆಮ್ಮೆ. ಆದರೆ ನಮಗೆ ದಾರಿ ತೋರಿಸಿದ್ದು ಗುಡಿಯಲ್ಲ, ವೀರಗಲ್ಲು. ತುರುಗಳನ್ನು ಕಾಯಲು ಹೋಗಿ ಸತ್ತವನಿಗೆ ಊರು ನಿಲ್ಲಿಸಿದ ಕಲ್ಲು ಅದು. ಕೆಳಗಿನ ಅಂಕಣದಲ್ಲಿ ಕಾದಾಟವಿದೆ, ಬಿಲ್ಲು ಹಿಡಿದವರಿದ್ದಾರೆ, ಕಾಲಡಿ ಬಿದ್ದವರಿದ್ದಾರೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕೂತಿದ್ದಾನೆ. ನಾವು ಮೇಲಿನ ಎರಡು ಅಂಕಣಗಳನ್ನು ಬರೆಯುವುದಿಲ್ಲ. ಸತ್ತವನನ್ನು ಕೈಲಾಸಕ್ಕೆ ಕಳಿಸಿ ಅವನು ಸತ್ತದ್ದು ಯಾಕೆಂಬುದನ್ನು ಮರೆಸುವ ಕಲೆ ನಮಗೆ ಬೇಡ. ಕೆಳಗಿನ ಅಂಕಣ ನಮ್ಮದು.

ಆ ಅಂಕಣ ಇವತ್ತೂ ತುಂಬಿದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿತು. 2010ರ ಜುಲೈನಲ್ಲಿ ಸವಣೂರಿನಲ್ಲಿ ಮಲ ಹೊರುವ ಕೆಲಸ ಮಾಡುತ್ತಿದ್ದ ಭಂಗಿ ಸಮುದಾಯದವರು, ತಾವು ವಾಸವಿದ್ದ ಜಾಗ ಬಿಡಿಸುವುದನ್ನು ವಿರೋಧಿಸಿ, ಪುರಸಭೆಯ ಮುಂದೆ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ಪತ್ರಿಕೆಗಳು ಬರೆದವು, ನಾಡು ತಲೆತಗ್ಗಿಸಿತು. ನಾವು ಕುಂಚ ಹಿಡಿದವರು ಆಗ ಏನು ಬರೆಯುತ್ತಿದ್ದೆವು? ಈ ಪ್ರಶ್ನೆಯಿಂದಲೇ ನಮ್ಮ ಚಳವಳಿ ಹುಟ್ಟಿದೆ.

ಬೀಜೋತ್ಪಾದನೆಯ ಹತ್ತಿ ಹೊಲಕ್ಕೆ ಹೋಗಿ ನೋಡಿ. ಕ್ರಾಸಿಂಗ್ ಮಾಡುವ ಹೆಣ್ಣುಮಗಳು ಸಂಜೆ ಮೊಗ್ಗನ್ನು ಹೆಬ್ಬೆರಳ ಉಗುರಿನಿಂದ ಸೀಳಿ ಕೇಸರ ಕಿತ್ತು ತೆಗೆಯುತ್ತಾಳೆ. ಮರುದಿನ ಬೆಳಿಗ್ಗೆ ಬೇರೆ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸುತ್ತಾಳೆ. ಒಂದೊಂದೇ ಹೂವು, ಸಾಲಿನಿಂದ ಸಾಲಿಗೆ. ಬೀಜದ ಪೊಟ್ಟಣದ ಮೇಲೆ ಬಿರಿದ ಹತ್ತಿಯ ಚಿತ್ರವಿದೆ, ಅವಳ ಚಿತ್ರವಿಲ್ಲ. ಆ ಕಪ್ಪಿಟ್ಟ ಉಗುರನ್ನು ನಾವು ಆಳೆತ್ತರ ಬರೆಯುತ್ತೇವೆ.

ಈ ದಾರಿ ಹೊಸದಲ್ಲ. 1943ರ ಬಂಗಾಳದ ಬರಗಾಲದಲ್ಲಿ ಚಿತ್ತಪ್ರಸಾದ್ ಮೇದಿನಿಪುರದ ಹಳ್ಳಿಗಳನ್ನು ಸುತ್ತಿ ಹಸಿದವರನ್ನು ಕಪ್ಪು ಮಸಿಯಲ್ಲಿ ಬರೆದರು. ಆ ಚಿತ್ರಗಳ ಪುಸ್ತಕದ ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ಜಪ್ತಿ ಮಾಡಿ ಸುಟ್ಟಿತು. ಮಸಿಯ ಗೆರೆಗೆ ಸರ್ಕಾರ ಹೆದರಿದ್ದು ಹೌದು. ನಮ್ಮ ಮನೆಯಂಗಳದಲ್ಲೇ, ಹಾವೇರಿಯ ಟಿ. ಬಿ. ಸೊಲಬಕ್ಕನವರ ಕ್ಯಾನ್ವಾಸಿನಿಂದಾಚೆ ನಡೆದು ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಹಳ್ಳಿಯ ಜನರನ್ನು ಆಳೆತ್ತರದ ಶಿಲ್ಪಗಳಾಗಿ ನಿಲ್ಲಿಸಿದರು. 2020ರಲ್ಲಿ ಅವರು ನಮ್ಮನ್ನು ಅಗಲಿದರು. ಮನುಷ್ಯನ ಆಕಾರಕ್ಕೆ ಅವರು ಕೊಟ್ಟ ಮರ್ಯಾದೆ ನಮ್ಮ ಆಸ್ತಿ. ಅವರು ಕಣ್ಮರೆಯಾಗುತ್ತಿದ್ದ ಹಳ್ಳಿಯನ್ನು ಉಳಿಸಿದರು. ನಾವು ಇವತ್ತು ಸಾಲದಲ್ಲಿ ಉಸಿರಾಡುತ್ತಿರುವ ಹಳ್ಳಿಯನ್ನು ಬರೆಯುತ್ತೇವೆ.

ಮುಖವೇ ಸಾಕ್ಷಿ ಎಂದು ನಾವು ನಂಬುತ್ತೇವೆ. ಬಡತನವನ್ನು ಚಂದ ಮಾಡಿ ತೋರಿಸುವುದು ಕಳ್ಳತನ ಎಂದು ನಂಬುತ್ತೇವೆ. ಯಾರನ್ನು ಬರೆಯುತ್ತೇವೋ ಅವರ ಎದುರಿಗೇ ಕೂತು, ಅವರ ಒಪ್ಪಿಗೆ ಪಡೆದು ಬರೆಯುತ್ತೇವೆ. ಬರೆದದ್ದನ್ನು ಮೊದಲು ಅವರಿಗೇ ತೋರಿಸುತ್ತೇವೆ. ಅವರು ಇದು ನಾನಲ್ಲ ಅಂದರೆ ಅಳಿಸಿ ಮತ್ತೆ ಬರೆಯುತ್ತೇವೆ. ನಮ್ಮ ಗ್ಯಾಲರಿ ಬಸ್ ನಿಲ್ದಾಣ, ಎಪಿಎಂಸಿ ಅಂಗಳ, ಕೇರಿಯ ಗೋಡೆ. ಇದ್ದಿಲು, ಸುಣ್ಣ, ಕೆಮ್ಮಣ್ಣು ನಮ್ಮ ಬಣ್ಣ, ಯಾಕೆಂದರೆ ಇವು ಎಲ್ಲರ ಮನೆಯಲ್ಲೂ ಸಿಗುತ್ತವೆ.

ಹಾನಗಲ್ಲಿನಿಂದ, ಹಿರೇಕೆರೂರಿನಿಂದ, ಸವಣೂರಿನಿಂದ, ಇನ್ನೂ ದೂರದಿಂದ ಬನ್ನಿ. ಬೋರ್ಡ್ ಬರೆಯುತ್ತಿದ್ದು ಫ್ಲೆಕ್ಸ್ ಬಂದ ಮೇಲೆ ಕುಂಚ ಕೆಳಗಿಟ್ಟವರೇ, ನೀವು ಮೊದಲು ಬನ್ನಿ. ನಿಮ್ಮ ಕೈಯ ಹಿಡಿತ ನಮಗೆ ಬೇಕು. ತಿಳವಳ್ಳಿಯಲ್ಲಿ ಮೊದಲ ಗೋಡೆಗೆ ಸುಣ್ಣ ಬಳಿದಾಗಿದೆ.